ಲೆಕ್ಕದ ಪೆಟ್ಟಿಗೆಯ ಕೀಲಿಕೈ ಯಾರ ಯಾರ ಬಳಿ ಇದೆ?

ಹಿಂದೆ ನಮ್ಮ ಅಂಗಡಿ, ಗಿರಣಿ, ಗೋದಾಮುಗಳಲ್ಲಿ ಲೆಕ್ಕದ ಪುಸ್ತಕಗಳು ಯಜಮಾನರ ಗಾದಿಯ ಪಕ್ಕದ ಮರದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಕೀಲಿಕೈ ಒಂದು ಯಜಮಾನರ ಬಳಿ, ಹೆಚ್ಚೆಂದರೆ ಇನ್ನೊಂದು ನಂಬಿಕಸ್ತ ಗುಮಾಸ್ತರ ಬಳಿ. ದಿನವಹಿಯಲ್ಲಿ ಯಾವ ಬಾಬನ್ನು ಯಾರು ಬರೆದರೆಂಬುದನ್ನು ಕೈಬರಹ ನೋಡಿಯೇ ಹೇಳಬಹುದಾಗಿತ್ತು. ಇಂದು ಅದೇ ಲೆಕ್ಕ ಗಣಕಯಂತ್ರದೊಳಗೆ ಸೇರಿದೆ. ಕೆಲಸ ಹಗುರವಾಗಿದೆ, ವೇಗ ಹೆಚ್ಚಿದೆ. ಇದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಪೆಟ್ಟಿಗೆಗೆ ಈಗ ಎಷ್ಟು ಕೀಲಿಕೈಗಳಿವೆ, ಅವು ಯಾರ ಯಾರ ಬಳಿ ಇವೆ ಎಂದು ಕೇಳಿದರೆ ಖಚಿತವಾಗಿ ಉತ್ತರಿಸಬಲ್ಲ ವ್ಯಾಪಾರಸ್ಥರು ನಮ್ಮಲ್ಲಿ ವಿರಳ.

ಇಲ್ಲಿ ನಾನು ಹೇಳಹೊರಟಿರುವುದು ಸಿಬ್ಬಂದಿಯ ಬಗ್ಗೆ ಅಲ್ಲ. ಅವರನ್ನು ನಾವು ದಿನವೂ ಕಣ್ಣಾರೆ ನೋಡುತ್ತೇವೆ. ನಮ್ಮ ಲೆಕ್ಕದ ತಂತ್ರಾಂಶದೊಳಗೆ ಬಂದುಹೋಗುತ್ತಿರುವ ಹೊರಗಿನ ತಂತ್ರಾಂಶಗಳ ಬಗ್ಗೆ. ಅವುಗಳಿಗೆ ಹಾಜರಿ ಪುಸ್ತಕವಿಲ್ಲ, ಮುಖವಿಲ್ಲ, ಕೈಬರಹವೂ ಇಲ್ಲ.

ಒಳಗೆ ಬಂದವರು ಯಾರು?

ನಮ್ಮ ನಾಲ್ಕು ತಾಲ್ಲೂಕುಗಳ ವ್ಯವಹಾರವನ್ನೇ ನೋಡೋಣ. ಕೃಷ್ಣರಾಜನಗರದ ಅಕ್ಕಿ ಗಿರಣಿಯಲ್ಲಿ ಲಾರಿ ತೂಕದ ಸೇತುವೆಯ ತಂತ್ರಾಂಶವು ತೂಕವನ್ನು ನೇರವಾಗಿ ಲೆಕ್ಕಕ್ಕೆ ಕಳುಹಿಸಬಹುದು. ಸರಕು ಹೊರಡುವ ಮೊದಲು ಇ-ವೇ ಬಿಲ್ಲನ್ನು ಇನ್ನೊಂದು ತಂತ್ರಾಂಶ ತಯಾರಿಸುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರಗಳ ತಂಬಾಕು ಹರಾಜಿನ ಹಣವನ್ನೇ ನಂಬಿ ಸಾಲಕ್ಕೆ ಸರಕು ಕೊಡುವ ರಸಗೊಬ್ಬರ, ಕೀಟನಾಶಕ ವ್ಯಾಪಾರಿಗಳಿದ್ದಾರೆ. ಅವರ ಅಂಗಡಿಯಲ್ಲಿ ಗೊಬ್ಬರದ ಪ್ರತಿ ಮೂಟೆಯೂ ಪಿಓಎಸ್ ಯಂತ್ರದ ಮೂಲಕವೇ ಹೋಗಬೇಕು. ಅದರ ಮೇಲೆ ತಯಾರಕರ ದಾಸ್ತಾನು ತಂತ್ರಾಂಶ, ಬಾಕಿದಾರರಿಗೆ ವಾಟ್ಸ್ಆ್ಯಪ್ ಸಂದೇಶ ಕಳುಹಿಸುವ ಇನ್ನೊಂದು ತಂತ್ರಾಂಶ. ದಿನಬಳಕೆ ವಸ್ತುಗಳ ವಿತರಕರ ಬಳಿ ದೊಡ್ಡ ಕಂಪನಿಗಳು ತಮ್ಮ ಮಾರಾಟದ ವಿವರವನ್ನು ವಿತರಕರ ಲೆಕ್ಕದಿಂದಲೇ ಸೆಳೆದುಕೊಳ್ಳುವ ವ್ಯವಸ್ಥೆ ಮಾಡಿಕೊಂಡಿರುತ್ತವೆ. ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ಅತಿಥಿಗೃಹಗಳನ್ನು ಅಂತರ್ಜಾಲದ ಕೊಠಡಿ ಕಾಯ್ದಿರಿಸುವ ಸಂಸ್ಥೆಗಳೊಂದಿಗೆ ಮಧ್ಯವರ್ತಿ ತಂತ್ರಾಂಶಗಳು ಜೋಡಿಸುತ್ತವೆ. ಅಲ್ಲಿ ಹರಿಯುವುದು ಬಾಡಿಗೆಯ ದರ ಮಾತ್ರವಲ್ಲ, ಅತಿಥಿಗಳ ಹೆಸರು, ದೂರವಾಣಿ, ಗುರುತಿನ ದಾಖಲೆಗಳೂ ಹೌದು.

ಇವುಗಳಲ್ಲಿ ಯಾವುದೂ ಕಳ್ಳದಾರಿಯಲ್ಲಿ ಬಂದದ್ದಲ್ಲ. ಎಲ್ಲವನ್ನೂ ನಾವೇ ಕರೆದು ಕೂರಿಸಿದ್ದೇವೆ. ಈಚೆಗೆ ಪಿರಿಯಾಪಟ್ಟಣ ಕಡೆಯ ಒಬ್ಬ ಸಗಟು ವ್ಯಾಪಾರಿಯೊಡನೆ ಕುಳಿತು ಅವರ ಲೆಕ್ಕಕ್ಕೆ ಸಂಪರ್ಕವಿರುವ ತಂತ್ರಾಂಶಗಳ ಪಟ್ಟಿ ಮಾಡಿದೆವು. ಎರಡೋ ಮೂರೋ ಇರಬಹುದೆಂದು ಅವರು ಹೇಳಿದ್ದರು. ಸಂಜೆಯ ಹೊತ್ತಿಗೆ ಸಿಕ್ಕಿದ್ದು ಏಳು. ಅವುಗಳಲ್ಲಿ ಎರಡರ ಚಂದಾ ನವೀಕರಿಸಿರಲೇ ಇಲ್ಲ. ಒಂದರ ಮಾರಾಟಗಾರನ ದೂರವಾಣಿ ಸಂಖ್ಯೆಯೇ ಚಾಲ್ತಿಯಲ್ಲಿರಲಿಲ್ಲ. ಸಂಪರ್ಕ ಮಾತ್ರ ಹಾಗೆಯೇ ಇತ್ತು.

ಬಾಗಿಲುಗಳು ಎಲ್ಲಿವೆ?

ತಂತ್ರಜ್ಞರು ಏಪಿಐ ಎಂದು ಕರೆಯುವ ಸಂಪರ್ಕದ್ವಾರದ ಅರ್ಥ ಸರಳ: ಮನುಷ್ಯ ಕುಳಿತು ಕೀಲಿ ಒತ್ತದೆ, ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ಅಥವಾ ಅದರಲ್ಲಿ ಬರೆಯುವ ದಾರಿ. ನಮ್ಮ ವ್ಯಾಪಾರಸ್ಥರಿಗೆ ಸಂಬಂಧಿಸಿದ ಮೂರು ಮುಖ್ಯ ಬಾಗಿಲುಗಳನ್ನು ಇಲ್ಲಿ ಪ್ರಸ್ತಾಪಿಸುತ್ತೇನೆ.

ಮೊದಲನೆಯದು ಜಿಎಸ್‌ಟಿ ಜಾಲತಾಣ. 2017ರ ಜುಲೈ 1ರಂದು ಈ ತೆರಿಗೆ ಜಾರಿಗೆ ಬಂದಾಗಲೇ ಜಿಎಸ್‌ಟಿ ಸುವಿಧಾ ಪ್ರೊವೈಡರ್ ಎಂಬ ಮಾನ್ಯತೆ ಪಡೆದ ಸಂಸ್ಥೆಗಳ ವ್ಯವಸ್ಥೆಯೂ ಬಂದಿತು. ತೆರಿಗೆದಾರನು ತನ್ನ ಖಾತೆಯ ಪ್ರೊಫೈಲ್ ಭಾಗದಲ್ಲಿ ಏಪಿಐ ಪ್ರವೇಶಕ್ಕೆ ಅನುಮತಿ ನೀಡಿ, ಅದರ ಅವಧಿಯನ್ನು 6 ಗಂಟೆಯಿಂದ 30 ದಿನಗಳವರೆಗೆ ಆರಿಸಿಕೊಳ್ಳಬಹುದು. ಅನುಮತಿ ಸಿಕ್ಕ ತಂತ್ರಾಂಶವು ಒಂದು ಓಟಿಪಿ ಪಡೆದು ಒಳಬರುತ್ತದೆ. ರಿಟರ್ನ್ ಸಲ್ಲಿಸಲು ಬೇರೆ ಓಟಿಪಿ ಅಥವಾ ಡಿಜಿಟಲ್ ಸಹಿ ಬೇಕೆಂಬುದು ನಿಜ. ಆದರೆ ನೀವು ಯಾರಿಂದ, ಎಷ್ಟು ಮೊತ್ತದ ಸರಕು ತರಿಸುತ್ತೀರಿ, ಯಾರಿಗೆ ಮಾರುತ್ತೀರಿ ಎಂಬುದನ್ನು ನೋಡಲು ಅದು ಬೇಕಿಲ್ಲ. ವ್ಯಾಪಾರಸ್ಥನಿಗೆ ಇದಕ್ಕಿಂತ ದೊಡ್ಡ ಗುಟ್ಟು ಇನ್ನಾವುದಿದೆ?

ಎರಡನೆಯದು ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್. ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ ಇ-ಸುಗಮ್ ಕಂಡ ನಮ್ಮ ರಾಜ್ಯಕ್ಕೆ ಈ ಪದ್ಧತಿ ಹೊಸದಲ್ಲ. 2018ರ ಏಪ್ರಿಲ್ 1ರಂದೇ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಜಾರಿಗೆ ತಂದ ರಾಜ್ಯ ನಮ್ಮದು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಆರಂಭವಾಗಿ, ಹಂತ ಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. ಇದರೊಂದಿಗೆ ನಮ್ಮ ತಾಲ್ಲೂಕಿನ ಮಧ್ಯಮ ಗಾತ್ರದ ಗಿರಣಿಗಳೂ ಡಿಪೋಗಳೂ ಇದರ ವ್ಯಾಪ್ತಿಗೆ ಬಂದವು. 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಈ ಜಾಲತಾಣಗಳಲ್ಲಿ ಎರಡು ಹಂತದ ಪರಿಶೀಲನೆ ಕಡ್ಡಾಯವಾಗಿದೆ. ಇದು ಸ್ವಾಗತಾರ್ಹ. ಆದರೆ ಈ ಪರಿಶೀಲನೆ ಜಾಲತಾಣಕ್ಕೆ ಬರುವ ಮನುಷ್ಯನಿಗೆ. ಏಪಿಐ ಮೂಲಕ ಬರುವ ತಂತ್ರಾಂಶಕ್ಕೆ ನೀವು ಮೊದಲೇ ಸೃಷ್ಟಿಸಿಕೊಟ್ಟ ಪ್ರತ್ಯೇಕ ಬಳಕೆದಾರ ಹೆಸರು ಮತ್ತು ಗುಪ್ತಪದವೇ ಆಧಾರ. ಅದನ್ನು ಯಾವಾಗ ಸೃಷ್ಟಿಸಿದಿರಿ, ಯಾರಿಗೆ ಕೊಟ್ಟಿರಿ ಎಂಬುದು ನೆನಪಿದೆಯೇ?

ಮೂರನೆಯದು ಮನೆಯೊಳಗಿನ ಬಾಗಿಲು. ನಮ್ಮಲ್ಲಿ ಬಹುಪಾಲು ಅಂಗಡಿಗಳಲ್ಲಿರುವುದು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಟ್ಯಾಲಿ. ಅದು ಬೇರೆ ತಂತ್ರಾಂಶಗಳೊಂದಿಗೆ ಮಾತನಾಡುವ ದ್ವಾರಕ್ಕೆ ಪೋರ್ಟ್ 9000 ಎಂಬುದು ರೂಢಿಯ ಸಂಖ್ಯೆ. ಸೆಟ್ಟಿಂಗ್ಸ್‌ನ ಕನೆಕ್ಟಿವಿಟಿ ಭಾಗದಲ್ಲಿ ಅದನ್ನು ತೆರೆಯಬಹುದು, ಮುಚ್ಚಬಹುದು. ತೆರೆದಿಟ್ಟು, ಕಂಪನಿಯ ಲೆಕ್ಕವನ್ನೂ ತೆರೆದು ಕುಳಿತಿದ್ದರೆ, ಸಂಪರ್ಕಕ್ಕೆ ಬಂದ ತಂತ್ರಾಂಶವು ಆ ಹೊತ್ತಿನಲ್ಲಿ ಕುಳಿತಿರುವ ಬಳಕೆದಾರನ ನೆರಳಿನಲ್ಲೇ ಕೆಲಸ ಮಾಡುತ್ತದೆ. ಕುಳಿತವರು ಪೂರ್ಣಾಧಿಕಾರದ ಯಜಮಾನರಾದರೆ ಬಂದ ಅತಿಥಿಗೂ ಪೂರ್ಣಾಧಿಕಾರ. ಇದಲ್ಲದೆ ಟಿಡಿಎಲ್ ಎಂಬ ಹೆಸರಿನ ಸೇರ್ಪಡೆಗಳನ್ನು ಮಾರಾಟಗಾರರು ಬಂದಾಗಲೆಲ್ಲ ಹಾಕಿಹೋಗುತ್ತಾರೆ. ಯಾವುದು ಏಕೆ ಇದೆ ಎಂದು ಕೇಳುವವರಿಲ್ಲ.

ಎರಡು ಘಟನೆಗಳ ಪಾಠ

ಸಣ್ಣ ಊರಿನ ವ್ಯಾಪಾರಕ್ಕೆ ಇದೆಲ್ಲ ಏಕೆ ಎನ್ನುವವರಿಗೆ ಎರಡು ಘಟನೆಗಳನ್ನು ನೆನಪಿಸಬೇಕಾಗಿದೆ.

2024ರ ಜುಲೈ 31ರಂದು ರಾಷ್ಟ್ರೀಯ ಪಾವತಿ ನಿಗಮವು ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ಇದಕ್ಕೆ ಕಾರಣ. ಪರಿಣಾಮವಾಗಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು, ಮುಖ್ಯವಾಗಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳವರು, ಮರುದಿನ ಸಂಪರ್ಕ ಮರಳುವವರೆಗೆ ಯುಪಿಐ ಮೊದಲಾದ ಪಾವತಿ ಸೇವೆಗಳಿಂದ ವಂಚಿತರಾದರು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯಂತೆ ದಾಳಿ ಆರಂಭವಾದದ್ದು ಸಿ-ಎಡ್ಜ್‌ನಲ್ಲೂ ಅಲ್ಲ; ಅದರೊಂದಿಗೆ ಕೆಲಸ ಮಾಡುತ್ತಿದ್ದ ಬ್ರಾಂಟೂ ಎಂಬ ಇನ್ನೊಂದು ಸಂಸ್ಥೆಯ, ಸರಿಯಾಗಿ ಭದ್ರಪಡಿಸದ ಒಂದು ಸರ್ವರ್‌ನಲ್ಲಿ. ಬ್ಯಾಂಕಿನ ಗ್ರಾಹಕನಿಗೆ ಬ್ರಾಂಟೂ ಎಂಬ ಹೆಸರಾದರೂ ಹೇಗೆ ಗೊತ್ತಿರಬೇಕು? ತೊಂದರೆ ಮಾತ್ರ ಅವನದೇ.

ಎರಡನೆಯದು ವಿದೇಶದ್ದು. 2025ರ ಆಗಸ್ಟ್ ತಿಂಗಳಲ್ಲಿ ಸೇಲ್ಸ್‌ಲಾಫ್ಟ್ ಸಂಸ್ಥೆಯ ಡ್ರಿಫ್ಟ್ ಎಂಬ, ಗ್ರಾಹಕರೊಡನೆ ಹರಟುವ ತಂತ್ರಾಂಶದ ಅನುಮತಿ ಚೀಟಿಗಳನ್ನು ದುಷ್ಕರ್ಮಿಗಳು ಕದ್ದರು. ಆ ಚೀಟಿಗಳನ್ನು ತೋರಿಸಿ, ಡ್ರಿಫ್ಟ್ ಅನ್ನು ಸೇಲ್ಸ್‌ಫೋರ್ಸ್ ಎಂಬ ವ್ಯವಹಾರ ತಂತ್ರಾಂಶಕ್ಕೆ ಜೋಡಿಸಿಕೊಂಡಿದ್ದ 700ಕ್ಕೂ ಹೆಚ್ಚು ಸಂಸ್ಥೆಗಳ ಮಾಹಿತಿಗೆ ಕೈಹಾಕಿದರು. ಕ್ಲೌಡ್‌ಫ್ಲೇರ್, ಝೀಸ್ಕೇಲರ್, ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನಂತಹ, ಗಣಕಯಂತ್ರ ಸುರಕ್ಷತೆಯನ್ನೇ ಮಾರುವ ಕಂಪನಿಗಳೂ ಇದಕ್ಕೆ ತುತ್ತಾದವು. ಗಮನಿಸಬೇಕಾದ ಅಂಶವೆಂದರೆ ಯಾರ ಗುಪ್ತಪದವನ್ನೂ ಊಹಿಸಬೇಕಾಗಲಿಲ್ಲ. ಯಾವ ಬೀಗವನ್ನೂ ಮುರಿಯಬೇಕಾಗಲಿಲ್ಲ. ಹಿಂದೆಂದೋ ವಿಶ್ವಾಸದಿಂದ ಕೊಟ್ಟ ಕೀಲಿಕೈಯೇ ಸಾಕಾಯಿತು.

ಹೊಣೆ ಯಾರದು?

ಕಾನೂನಿನ ನಿಲುವು ಇಲ್ಲಿ ಸ್ಪಷ್ಟವಾಗಿದೆ: ಹೊಣೆ ವ್ಯಾಪಾರಸ್ಥನದು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಪ್ರತಿ ನೋಂದಾಯಿತ ವ್ಯಕ್ತಿಯೂ ತಿದ್ದಿದ ಅಥವಾ ಅಳಿಸಿದ ಪ್ರತಿ ಬಾಬಿನ ದಾಖಲೆ ಇಡಬೇಕೆಂದು ಜಿಎಸ್‌ಟಿ ನಿಯಮ 56 ವಿಧಿಸುತ್ತದೆ. ಇದು ಕಂಪನಿಗಳಿಗಷ್ಟೇ ಅಲ್ಲ, ಒಬ್ಬನೇ ಮಾಲೀಕನ ಅಂಗಡಿಗೂ ಅನ್ವಯ. ಕಂಪನಿಗಳ ವಿಷಯದಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ಜಾಡು ಉಳಿಸುವ, ನಿಲ್ಲಿಸಲಾಗದ ವ್ಯವಸ್ಥೆಯುಳ್ಳ ತಂತ್ರಾಂಶವೇ ಬೇಕು. ಅದು ವರ್ಷವಿಡೀ ನಡೆದಿದೆಯೇ ಎಂದು ಲೆಕ್ಕಪರಿಶೋಧಕರು ವರದಿ ಮಾಡಬೇಕು. ಹೊರಗಿನ ತಂತ್ರಾಂಶವೊಂದು ಯಜಮಾನರ ಹೆಸರಿನಲ್ಲೇ ಒಳಬಂದು ಬರೆದರೆ ಆ ಜಾಡು ಏನು ಹೇಳುತ್ತದೆ? ರಾತ್ರಿ ಎರಡು ಗಂಟೆಗೆ ಯಜಮಾನರೇ ಬರೆದರೆಂದು ಹೇಳುತ್ತದೆ. ಸಾಕ್ಷ್ಯವು ನಿಮ್ಮ ಪರವಾಗಿ ನಿಲ್ಲುವ ಬದಲು ನಿಮ್ಮ ವಿರುದ್ಧ ನಿಲ್ಲುತ್ತದೆ.

ನಿಮ್ಮ ಹೆಸರಿನಲ್ಲಿ ಸುಳ್ಳು ಬಿಲ್ಲೊಂದು ಹುಟ್ಟಿತೆಂದು ಭಾವಿಸೋಣ. ಇ-ಇನ್‌ವಾಯ್ಸನ್ನು ಜಾಲತಾಣದಲ್ಲಿ ರದ್ದುಪಡಿಸಲು ಇರುವ ಅವಕಾಶ 24 ಗಂಟೆ ಮಾತ್ರ. ಆ ವೇಳೆಯಲ್ಲಿ ಅದು ನಿಮ್ಮ ಕಣ್ಣಿಗೆ ಬೀಳದಿದ್ದರೆ ಮುಂದಿನ ಹಾದಿ ದೀರ್ಘ. ಸರಕು ಪೂರೈಸದೆ ಬಿಲ್ಲು ನೀಡಿದರೆ ಜಿಎಸ್‌ಟಿ ಕಾಯ್ದೆಯ 122ನೆಯ ಕಲಮಿನಂತೆ ದಂಡವಿದೆ. ಬಿಲ್ಲು ನಾನು ಕೊಟ್ಟದ್ದಲ್ಲ, ಹಿಂದೆ ನಮ್ಮಲ್ಲಿದ್ದ ತಂತ್ರಾಂಶದವನ ಬಳಿಯ ಗುಪ್ತಪದದಿಂದ ಆದದ್ದು ಎಂದು ಹೇಳಬಹುದು. ಆದರೆ ಅದನ್ನು ರುಜುವಾತುಪಡಿಸಲು ಯಾವ ಕಾಗದವಿದೆ?

ಗ್ರಾಹಕರ ವೈಯಕ್ತಿಕ ಮಾಹಿತಿಯ ವಿಷಯದಲ್ಲೂ ಇದೇ ತತ್ವ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ಮಾಹಿತಿಯನ್ನು ಸಂಸ್ಕರಿಸಲು ಬೇರೊಬ್ಬರಿಗೆ ವಹಿಸಿದರೂ ಹೊಣೆ ಸಂಗ್ರಹಿಸಿದವರದೇ. ವಹಿಸಲು ಊರ್ಜಿತವಾದ ಕರಾರು ಇರಬೇಕು. ಸುರಕ್ಷತೆಯಲ್ಲಿ ಲೋಪವಾದರೆ ದಂಡದ ಮಿತಿ 250 ಕೋಟಿ ರೂಪಾಯಿಗಳವರೆಗೆ ಇದೆ. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ನಮ್ಮ ಅತಿಥಿಗೃಹಗಳ ಮಾಲೀಕರು ಈ ಅವಧಿಯನ್ನು ಸುಮ್ಮನೆ ಕಳೆಯಬಾರದು.

ಇದು ಮುಖ್ತ್ಯಾರ್ ಪತ್ರವೇ

ಆದ್ದರಿಂದ ನನ್ನ ಖಚಿತ ಅಭಿಪ್ರಾಯವನ್ನು ಹೀಗೆ ಹೇಳಬಯಸುತ್ತೇನೆ: ಹೊರಗಿನ ತಂತ್ರಾಂಶಕ್ಕೆ ಸಂಪರ್ಕ ಕೊಡುವುದು ತಾಂತ್ರಿಕ ಕೆಲಸವಲ್ಲ, ಅದು ಮುಖ್ತ್ಯಾರ್ ಪತ್ರ ಬರೆದುಕೊಡುವುದಕ್ಕೆ ಸಮಾನವಾದ ಕೆಲಸ. ಜಮೀನಿನ ವ್ಯವಹಾರಕ್ಕೆ ಮುಖ್ತ್ಯಾರ್ ಕೊಡುವಾಗ ನಾವು ಯಾರಿಗೆ, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂದು ಹತ್ತು ಬಾರಿ ಓದುತ್ತೇವೆ. ಬೇಡವಾದಾಗ ರದ್ದುಪಡಿಸಿ ತಿಳಿವಳಿಕೆ ಪತ್ರವನ್ನೂ ಕಳುಹಿಸುತ್ತೇವೆ. ಇಡೀ ವ್ಯಾಪಾರದ ಒಳಗುಟ್ಟನ್ನು ಒಪ್ಪಿಸುವಾಗ ಮಾತ್ರ, ಬಂದ ಹುಡುಗ ಹೇಳಿದ ಕಡೆ ಗುಂಡಿ ಒತ್ತಿ ಓಟಿಪಿ ಓದಿ ಹೇಳುತ್ತೇವೆ.

ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರಿಂದ ನಮ್ಮ ಕಣ್ಣೆದುರಿಗಿದೆ. ಅಲ್ಲಿ ತೂಬು ತೆರೆಯಲು ಆದೇಶ ಬೇಕು. ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬ ಲೆಕ್ಕ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. 2284 ಅಡಿಯ ಜಲಾಶಯ ತುಂಬಿದೆಯೆಂದು ಕಂಡಕಂಡವರು ತಂತಮ್ಮ ಕಾಲುವೆ ತೋಡಿಕೊಳ್ಳುವಂತಿಲ್ಲ. ನಮ್ಮ ಲೆಕ್ಕಕ್ಕೂ ಇಷ್ಟೇ ಶಿಸ್ತು ಸಾಕು.

ಏನು ಮಾಡಬೇಕು?

ಮೊದಲನೆಯದಾಗಿ, ಒಂದು ಪುಟದ ಪಟ್ಟಿ. ತಂತ್ರಾಂಶದ ಹೆಸರು, ಮಾರಾಟಗಾರ, ಅದು ಏನನ್ನು ನೋಡುತ್ತದೆ, ಬರೆಯುತ್ತದೆಯೇ ಅಥವಾ ಓದುತ್ತದೆಯೇ, ಎಂದಿನಿಂದ ಎಂದಿನವರೆಗೆ, ಒಪ್ಪಿಗೆ ಕೊಟ್ಟವರು ಯಾರು. ಇದನ್ನು ಬರೆಯಲು ನೋಟು ಪುಸ್ತಕ ಸಾಕು. ಪಟ್ಟಿಯಲ್ಲಿ ಇಲ್ಲದ್ದು ಲೆಕ್ಕದೊಳಗೆ ಇರಕೂಡದು.

ಎರಡನೆಯದಾಗಿ, ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಬಳಕೆದಾರ ಹೆಸರು. ಯಜಮಾನರ ಹೆಸರನ್ನು ಯಾವ ಯಂತ್ರಕ್ಕೂ ಕೊಡಬಾರದು. ಇ-ವೇ ಬಿಲ್ ಜಾಲತಾಣದಲ್ಲಿ ಉಪಬಳಕೆದಾರರನ್ನು ಸೃಷ್ಟಿಸುವ, ಬೇಡವಾದಾಗ ಸ್ಥಗಿತಗೊಳಿಸುವ ಸೌಲಭ್ಯವಿದೆ. ಸಾಗಣೆ ನೋಡಿಕೊಳ್ಳುವ ಗುಮಾಸ್ತರಿಗೆ ಅದನ್ನೇ ಕೊಡಿ. ತೊಂದರೆಯಾದ ದಿನ ಒಂದನ್ನು ನಿಲ್ಲಿಸಿದರೆ ಸಾಕು, ಇಡೀ ವ್ಯವಹಾರ ನಿಲ್ಲಬೇಕಿಲ್ಲ.

ಮೂರನೆಯದಾಗಿ, ಅಗತ್ಯವಿದ್ದಷ್ಟೇ ಅಧಿಕಾರ. ದಾಸ್ತಾನು ನೋಡಬೇಕಾದ ತಯಾರಕರಿಗೆ ನಿಮ್ಮ ಬಾಕಿದಾರರ ಪಟ್ಟಿ ಏಕೆ? ತಮ್ಮ ಸರಕಿನ ಮಾರಾಟ ಕೇಳುವ ಕಂಪನಿಗೆ ಪ್ರತಿಸ್ಪರ್ಧಿಯ ಸರಕಿನ ದರ ಏಕೆ? ಓದಲು ಮಾತ್ರ ಬಂದವರಿಗೆ ಬರೆಯುವ ಹಕ್ಕು ಬೇಡ. ವಿತರಕರು ಒಬ್ಬೊಬ್ಬರಾಗಿ ಕೇಳಿದರೆ ಕಂಪನಿ ಕಿವಿಗೊಡದೆ ಇರಬಹುದು. ಸಂಘದ ಮೂಲಕ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ನಾಲ್ಕನೆಯದಾಗಿ, ಅವಧಿ. ಜಿಎಸ್‌ಟಿ ಜಾಲತಾಣದಲ್ಲಿ ತಿಂಗಳಿಗೊಮ್ಮೆ ಒಂದು ಗಂಟೆಯ ಕೆಲಸಕ್ಕೆ 30 ದಿನಗಳ ಅನುಮತಿ ಬೇಕಿಲ್ಲ. 6 ಗಂಟೆ ಸಾಕು. ಟ್ಯಾಲಿಯ ದ್ವಾರವೂ ಅಷ್ಟೇ, ಬಳಸದಿದ್ದಾಗ ಮುಚ್ಚಿರಲಿ. ದೂರದಿಂದಲೇ ನಿಮ್ಮ ಗಣಕಯಂತ್ರವನ್ನು ನಡೆಸುವ ತಂತ್ರಾಂಶವನ್ನು ದುರಸ್ತಿ ಮುಗಿದ ಕೂಡಲೇ ಮುಚ್ಚಿಸಿ.

ಐದನೆಯದಾಗಿ, ಬರವಣಿಗೆ. ಎರಡು ಪುಟದ ಕರಾರಿನಲ್ಲಿ ಮಾಹಿತಿ ಎಲ್ಲಿ ಉಳಿಯುತ್ತದೆ, ಬೇರೆಯವರಿಗೆ ಕೊಡುತ್ತಾರೆಯೇ, ಸಂಬಂಧ ಮುಗಿದ ಮೇಲೆ ಅಳಿಸುತ್ತಾರೆಯೇ, ಸೋರಿಕೆಯಾದರೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತಾರೆ ಎಂಬುದಿರಲಿ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಇಂತಹ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿಯಾಗಬೇಕು. ಮಾರಾಟಗಾರ ನಿಮಗೆ ವಾರದ ನಂತರ ಹೇಳಿದರೆ ಏನು ಪ್ರಯೋಜನ?

ಕೊನೆಯದಾಗಿ, ಕೀಲಿಕೈ ಮರಳಿ ಪಡೆಯುವ ದಿನ. ತಂತ್ರಾಂಶ ಬದಲಾದಾಗ, ಗುಮಾಸ್ತರು ಕೆಲಸ ಬಿಟ್ಟಾಗ, ವರ್ಷಾಂತ್ಯದ ಲೆಕ್ಕ ಮುಗಿದಾಗ ಪಟ್ಟಿ ತೆರೆದು ಹಳೆಯದನ್ನು ರದ್ದುಪಡಿಸಬೇಕು. ಚಂದಾ ಕಟ್ಟುವುದನ್ನು ನಿಲ್ಲಿಸಿದರೆ ಸಂಪರ್ಕವೂ ನಿಂತಿತೆಂದು ತಿಳಿಯುವುದು ತಪ್ಪು.

ಇದು ಸಾಧ್ಯವೇ ಎಂಬ ಪ್ರಶ್ನೆಗೆ ಒಂದು ಮಾದರಿ ನಮ್ಮ ದೇಶದಲ್ಲೇ ಇದೆ. ರಿಸರ್ವ್ ಬ್ಯಾಂಕು 2016ರಲ್ಲಿ ರೂಪಿಸಿದ ಅಕೌಂಟ್ ಅಗ್ರಿಗೇಟರ್ ಪದ್ಧತಿಯಲ್ಲಿ, ಸಾಲ ಕೊಡುವವರು ನಿಮ್ಮ ಖಾತೆಯ ವಿವರ ಪಡೆಯಬೇಕಾದರೆ ಉದ್ದೇಶ ಮತ್ತು ಅವಧಿಯನ್ನು ನಮೂದಿಸಿದ ಒಪ್ಪಿಗೆ ಬೇಕು. ಅದನ್ನು ನೀವು ಹಿಂಪಡೆಯಲೂಬಹುದು. 2022ರ ನವೆಂಬರ್‌ನಲ್ಲಿ ಜಿಎಸ್‌ಟಿ ಜಾಲವನ್ನೂ ಈ ಪದ್ಧತಿಗೆ ಸೇರಿಸಲಾಯಿತು. ಬ್ಯಾಂಕಿಗೆ ನಾವು ಇಷ್ಟು ಕಟ್ಟುನಿಟ್ಟಾಗಿರಬಹುದಾದರೆ ತಂತ್ರಾಂಶ ಮಾರುವವರಿಗೆ ಏಕೆ ಇರಬಾರದು?

ಆಕ್ಷೇಪಣೆಗಳು

ಸಂಪರ್ಕವನ್ನೇ ಕಡಿದುಹಾಕೋಣ ಎನ್ನುವವರಿದ್ದಾರೆ. ಅದು ಸಲ್ಲದು. ತೂಕದ ಚೀಟಿಯಿಂದ ಬಿಲ್ಲಿಗೆ, ಬಿಲ್ಲಿನಿಂದ ರಿಟರ್ನಿಗೆ ಕೈಯಿಂದ ನಕಲು ಮಾಡುತ್ತಿದ್ದ ಕಾಲದ ತಪ್ಪುಗಳನ್ನು ಮೂವತ್ತು ವರ್ಷ ತಿದ್ದಿದವನು ನಾನು. ಆ ಕಾಲ ಮರಳಿ ಬರಲೆಂದು ನಾನು ಬಯಸುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಪುರುಸೊತ್ತೆಲ್ಲಿ ಎಂಬ ಇನ್ನೊಂದು ಮಾತಿದೆ. ಅದು ನ್ಯಾಯವಾದ ಮಾತು. ಆದರೆ ಪಟ್ಟಿ ತಯಾರಿಸಲು ಒಂದು ದಿನ, ಪರಿಶೀಲಿಸಲು ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಸಾಕು. ಇಲಾಖೆಯ ನೋಟೀಸಿಗೆ ಉತ್ತರ ಕೊಡುತ್ತ ಮೈಸೂರಿಗೆ ಅಲೆಯುವ ದಿನಗಳಿಗೆ ಹೋಲಿಸಿದರೆ ಇದು ಬಹಳ ಅಗ್ಗ.

ನಮ್ಮ ವೃತ್ತಿ ಬಾಂಧವರಿಗೂ ಒಂದು ಮಾತು ಹೇಳಲೇಬೇಕು. ಅನೇಕ ಜಿಎಸ್‌ಟಿ ನೋಂದಣಿಗಳಲ್ಲಿ ಮಾಲೀಕರ ಬದಲು ಲೆಕ್ಕ ಬರೆಯುವವರ ಅಥವಾ ತೆರಿಗೆ ಸಲಹೆಗಾರರ ಮೊಬೈಲ್ ಸಂಖ್ಯೆ ಇರುವುದುಂಟು. ಓಟಿಪಿ ಮಾಲೀಕರಿಗೆ ತಲಪುವುದೇ ಇಲ್ಲ. ಹಾಗಿದ್ದಲ್ಲಿ ಒಪ್ಪಿಗೆ ಎಂಬ ಮಾತಿಗೆ ಅರ್ಥವೇ ಉಳಿಯದು. ಕಕ್ಷಿದಾರರ ಅನುಕೂಲಕ್ಕೆಂದು ಆರಂಭವಾದ ಈ ಪದ್ಧತಿಯನ್ನು ನಾವೇ ಮುಂದೆ ನಿಂತು ಸರಿಪಡಿಸಬೇಕು.

ವಾಣಿಜ್ಯ ಮಂಡಳಿಯು ಈ ದಿಸೆಯಲ್ಲಿ ಎರಡು ಕೆಲಸಗಳನ್ನು ಕೈಗೊಂಡರೆ ಉಪಕಾರವಾಗುತ್ತದೆ. ಮೇಲೆ ಹೇಳಿದ ಪಟ್ಟಿಯ ನಮೂನೆಯನ್ನೂ ಎರಡು ಪುಟದ ಕರಾರಿನ ನಮೂನೆಯನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚುವುದು ಒಂದು. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ತಲಾ ಅರ್ಧ ದಿನದ ಶಿಬಿರ ಏರ್ಪಡಿಸಿ, ಸದಸ್ಯರು ತಮ್ಮ ಲ್ಯಾಪ್‌ಟಾಪ್ ತಂದು ಅಲ್ಲೇ ಪಟ್ಟಿ ತಯಾರಿಸಿಕೊಂಡು ಹೋಗುವಂತೆ ಮಾಡುವುದು ಇನ್ನೊಂದು. ಭಾಷಣ ಬೇಡ, ಕೆಲಸವಾಗಲಿ.

ಅಲ್ಲಿಯವರೆಗೆ ಕಾಯಬೇಕಾದ್ದೂ ಇಲ್ಲ. ಸದಸ್ಯರು ಈ ತಿಂಗಳ ರಿಟರ್ನ್ ಸಲ್ಲಿಸಲು ಕುಳಿತಾಗ, ಜಿಎಸ್‌ಟಿ ಜಾಲತಾಣದಲ್ಲಿ ತಮ್ಮ ಪ್ರೊಫೈಲ್ ತೆರೆದು ಏಪಿಐ ಅನುಮತಿ ಚಾಲ್ತಿಯಲ್ಲಿದೆಯೇ, ನೋಂದಾಯಿತ ಮೊಬೈಲ್ ಸಂಖ್ಯೆ ಯಾರದು ಎಂಬ ಎರಡನ್ನು ಮಾತ್ರ ನೋಡಲಿ. ಐದು ನಿಮಿಷದ ಕೆಲಸ. ಮುಂದಿನದನ್ನು ಅಲ್ಲಿ ಕಂಡದ್ದೇ ತಿಳಿಸುತ್ತದೆ.